ಜಲಮಾಲಿನ್ಯದ ವೆಚ್ಚ ವಸೂಲಿ: ವಿಳಂಬಕ್ಕೂ ಮಿತಿಯುಂಟು

ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟೀಸಿಗೆ ಉತ್ತರ ಕೊಟ್ಟು ಎರಡು ಮೂರು ವರ್ಷಗಳಾದರೂ ಮುಂದಿನ ಕ್ರಮ ಜರುಗದಿದ್ದರೆ ವಿಷಯ ಅಲ್ಲಿಗೆ ಮುಗಿಯಿತೆಂದು ಕಡತವನ್ನು ಕಟ್ಟಿಡುವ ಉದ್ಯಮಿಗಳು ಕಡಿಮೆಯಿಲ್ಲ. ಕಾನೂನು ಹಾಗೆ ಭಾವಿಸುವುದಿಲ್ಲ.

ಸಮ್ಮತಿಯ ಷರತ್ತಿನಂತೆ ಮಾಡಬೇಕಾದ ಕಾಮಗಾರಿಯನ್ನು ಉದ್ಯಮಿಯು ಮಾಡದಿದ್ದಲ್ಲಿ, 1974ರ ಜಲ ಕಾಯ್ದೆಯ 30ನೇ ಪ್ರಕರಣದ ಮೇರೆಗೆ ಮಂಡಳಿಯು ನೋಟೀಸು ನೀಡಿ ತಾನೇ ಅದನ್ನು ಮಾಡಿಸಬಹುದು. ತಗಲಿದ ವೆಚ್ಚವನ್ನು, ಬೇಡಿಕೆ ಸಲ್ಲಿಸಿದ ದಿನದಿಂದ ಬಡ್ಡಿ ಸಹಿತ, ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಇಲ್ಲಿರುವುದು ‘ಮಾಡಬಹುದು’ ಎಂಬ ಪದವೇ ಹೊರತು ‘ಮಾಡತಕ್ಕದ್ದು’ ಅಲ್ಲ. ವಿಳಂಬವು ನುಸುಳುವುದು ಈ ಸಂದಿಯಲ್ಲೇ.

ಆ ಸಂದಿಯನ್ನು ನ್ಯಾಯಾಲಯಗಳು ಕಿರಿದುಗೊಳಿಸಿವೆ. ರಾಜಸ್ಥಾನದ ಉದಯಪುರ ಜಿಲ್ಲೆಯ ಬಿಚ್ಛರಿ ಗ್ರಾಮದಲ್ಲಿ ರಾಸಾಯನಿಕ ಘಟಕಗಳ ತ್ಯಾಜ್ಯದಿಂದ ಬಾವಿಗಳ ನೀರು ಕೆಟ್ಟಿತು. ಅಧಿಕಾರಿಗಳು ಕರ್ತವ್ಯ ನಿರ್ವಹಿಸದಿದ್ದಾಗ ನ್ಯಾಯಾಲಯವು ನಿರ್ದೇಶಿಸಬಹುದೆಂದು ಹೇಳಿದ ಸರ್ವೋಚ್ಚ ನ್ಯಾಯಾಲಯ, 1996ರ ತೀರ್ಪಿನಲ್ಲಿ ಪರಿಹಾರ ಕಾರ್ಯದ ವೆಚ್ಚವನ್ನು ಘಟಕಗಳ ಮೇಲೆಯೇ ಹೊರಿಸಿತು. ನಿಗದಿಯಾದ ಮೊತ್ತ 37.385 ಕೋಟಿ ರೂಪಾಯಿ. ಅರ್ಜಿಗಳ ಮೇಲೆ ಅರ್ಜಿ ಹಾಕಿ ಪಾವತಿಯನ್ನು ಮುಂದೂಡಿದ್ದರ ಫಲವಾಗಿ, 2011ರ ಜುಲೈನಲ್ಲಿ ಅದೇ ನ್ಯಾಯಾಲಯ 1997ರ ನವೆಂಬರ್ 4ರಿಂದ ಶೇ. 12ರ ಚಕ್ರಬಡ್ಡಿಯನ್ನೂ ವಿಧಿಸಿತು. ವರ್ಷಕ್ಕೊಮ್ಮೆ ಬಡ್ಡಿ ಸೇರಿಸಿ ಲೆಕ್ಕ ಹಾಕಿದರೂ ಆ ವೇಳೆಗೆ ಅಸಲು ನಾಲ್ಕೂವರೆ ಪಟ್ಟು ದಾಟುತ್ತದೆ. 

ಸ್ಥಳೀಯ ಸಂಸ್ಥೆಗಳಿಗೂ ಗಡುವು ಬಂದಿತು. ಪರ್ಯಾವರಣ ಸುರಕ್ಷಾ ಸಮಿತಿ ಪ್ರಕರಣದಲ್ಲಿ 2017ರ ಫೆಬ್ರವರಿ 22ರಂದು, ಸಾಮೂಹಿಕ ಶುದ್ಧೀಕರಣ ಘಟಕಗಳಿಗೆ ಹಣ ಒದಗಿಸುವ ಮಾನದಂಡಗಳನ್ನು ಅದೇ ಮಾರ್ಚ್ 31ರೊಳಗೆ ನಿರ್ಧರಿಸುವಂತೆ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಹಣವಿಲ್ಲವೆಂಬ ನೆಪ ಸಲ್ಲಲಿಲ್ಲ.

ಉದ್ಯಮಿಗೂ ರಕ್ಷಣೆಯಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯ 15ನೇ ಪ್ರಕರಣದಡಿ ಪರಿಹಾರದ ಅರ್ಜಿಯನ್ನು, ಕಾರಣ ಮೊದಲು ಉದ್ಭವಿಸಿದ ದಿನದಿಂದ ಐದು ವರ್ಷಗಳೊಳಗೆ ಸಲ್ಲಿಸಬೇಕು; ಸಕಾರಣವಿದ್ದರೆ ಇನ್ನು 60 ದಿನ ಮಾತ್ರ. ಮಂಡಳಿಗಳೇ ಪರಿಹಾರ ಮೊತ್ತ ವಿಧಿಸಬಹುದೆಂದು 2025ರ ಆಗಸ್ಟ್ 4ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತಾದರೂ, ಸಹಜ ನ್ಯಾಯದ ತತ್ತ್ವಗಳನ್ನೊಳಗೊಂಡ ನಿಯಮಗಳನ್ನು ರಚಿಸಿದ ಬಳಿಕವೇ ಆ ಅಧಿಕಾರವನ್ನು ಚಲಾಯಿಸಬೇಕೆಂದಿತು.

ಇನ್ನು ಲೆಕ್ಕಪತ್ರದ ಮಾತು. ಮಂಡಳಿ ಇನ್ನೂ ಬೇಡಿಕೆ ಕಳುಹಿಸಿಲ್ಲವೆಂಬುದು ಹೊಣೆಯನ್ನು ಕೈಬಿಡಲು ಕಾರಣವಾಗದು. ಲೆಕ್ಕಪತ್ರ ಮಾನಕ 29ರ ಪ್ರಕಾರ, ಹಿಂದಿನ ಘಟನೆಯಿಂದ ಹೊಣೆ ಹುಟ್ಟಿದ್ದು, ಹಣ ತೆರಬೇಕಾಗುವ ಸಂಭವ ಹೆಚ್ಚಿದ್ದು, ಮೊತ್ತವನ್ನು ನಂಬಲರ್ಹವಾಗಿ ಅಂದಾಜಿಸಬಹುದಾದರೆ, ಆ ವರ್ಷವೇ ಅದಕ್ಕೆ ಹಣ ತೆಗೆದಿರಿಸಿ ತೋರಿಸತಕ್ಕದ್ದು.