ಮೈಲಿಗೆ ಹನ್ನೆರಡು ಸೆಕೆಂಡು

ಗಂಟೆಗೆ 300 ಮೈಲಿ ವೇಗವೆಂದು ಸುಮ್ಮನೆ ಓದಿದರೆ ಅದು ಮನಸ್ಸಿಗೆ ಹಿಡಿಯುವುದಿಲ್ಲ. ಲೆಕ್ಕ ಹಾಕಿ ನೋಡೋಣ. ಗಂಟೆಗೆ 3,600 ಸೆಕೆಂಡು. ಅದನ್ನು 300ರಿಂದ ಭಾಗಿಸಿದರೆ 12. ಅಂದರೆ ಹನ್ನೆರಡು ಸೆಕೆಂಡಿಗೆ ಒಂದು ಮೈಲಿ. ಸಾಧಾರಣ ನಡಿಗೆಯವನಿಗೆ ಅದೇ ಮೈಲಿಗೆ ಸುಮಾರು ಇಪ್ಪತ್ತು ನಿಮಿಷ ಬೇಕು. ಮೋಟಾರು ಗಾಡಿಯಲ್ಲಿ ಈ ವೇಗವನ್ನು ಮೊದಲು ದಾಟಿದವರು ಇಂಗ್ಲೆಂಡಿನ ಸರ್ ಮಾಲ್ಕಂ ಕ್ಯಾಂಬೆಲ್.

ಅವರ ‘ಬ್ಲೂಬರ್ಡ್’ ಗಾಡಿಯ ಹೊಟ್ಟೆಯಲ್ಲಿದ್ದುದು ವಿಮಾನದ ಯಂತ್ರ! ರೋಲ್ಸ್-ರಾಯ್ಸ್ ಕಂಪನಿಯವರು ಪಂದ್ಯದ ವಿಮಾನಗಳಿಗೆಂದೇ ತಯಾರಿಸಿದ ‘ಆರ್’ ಎಂಬ ಹನ್ನೆರಡು ಸಿಲಿಂಡರಿನ ಯಂತ್ರವದು. ಶಕ್ತಿ ಎರಡು ಸಾವಿರ ಅಶ್ವಶಕ್ತಿಗೂ ಮಿಗಿಲು. ಅದೇ ಜಾತಿಯ ಯಂತ್ರವನ್ನು ಹೊತ್ತ ‘ಸೂಪರ್‌ಮರೀನ್ ಎಸ್. 6 ಬಿ’ ಎಂಬ, ನೀರಿನ ಮೇಲಿಂದ ಏಳುವ ವಿಮಾನವು 1931ರ ಸೆಪ್ಟೆಂಬರಿನಲ್ಲಿಯೇ ಗಂಟೆಗೆ 407 ಮೈಲಿ ಹಾರಿತ್ತು. ನೆಲದ ಮೇಲಾದರೋ ಮುನ್ನೂರೇ ದುಸ್ತರವಾಯಿತು. ವಿಮಾನದ ಪಂಕವು ಗಾಳಿಯನ್ನು ಹಿಂದಕ್ಕೆ ತಳ್ಳಿ ಮುಂದೆ ಸಾಗುತ್ತದೆ. ಮೋಟಾರಿಗೆ ಚಕ್ರವು ನೆಲವನ್ನು ಹಿಡಿಯುವ ಹಿಡಿತವೇ ಆಧಾರ. ಅಮೆರಿಕದ ಡೇಟೋನಾ ಕಡಲತೀರದ ಮರಳಿನ ಮೇಲೆ ಚಕ್ರಗಳು ಜಾರಿ ಸುಮ್ಮನೆ ತಿರುಗಿ ಶಕ್ತಿ ಪೋಲಾಗುತ್ತಿತ್ತು. 1935ರ ಮಾರ್ಚಿಯಲ್ಲಿ ಅಲ್ಲಿ ದೊರೆತದ್ದು 276 ಮೈಲಿ. ಮೇಲಾಗಿ ಗಾಳಿಯ ತಡೆಯೊಂದಿದೆಯಷ್ಟೆ: ವೇಗ ಇಮ್ಮಡಿಯಾದರೆ ಈ ತಡೆ ನಾಲ್ಕು ಮಡಿಯಾಗುತ್ತದೆ, ಅದನ್ನು ಎದುರಿಸಲು ಬೇಕಾದ ಶಕ್ತಿ ಎಂಟು ಮಡಿಯಾಗುತ್ತದೆ. ಆದ್ದರಿಂದ ಕ್ಯಾಂಬೆಲ್ ಯೂಟಾ ಸಂಸ್ಥಾನದ ಬಾನ್‌ವಿಲ್‌ಗೆ ಗಾಡಿ ಸಾಗಿಸಿದರು. ಅದು ಪುರಾತನ ಸರೋವರವೊಂದು ಬತ್ತಿ ಉಳಿದ ಉಪ್ಪಿನ ಬಯಲು, ಗಟ್ಟಿಯಾದ ಮಟ್ಟಸ ನೆಲ.

ಇನ್ನು ಅಳೆಯುವ ಕ್ರಮ. ಬೆನ್ನ ಹಿಂದೆ ಗಾಳಿ ಬೀಸಿದರೆ ಯಾರಾದರೂ ಓಡಿಯಾರು. ಆದುದರಿಂದ ಅದೇ ಮೈಲಿಯನ್ನು ಹೋಗಿ, ಒಂದು ಗಂಟೆಯೊಳಗೆ ತಿರುಗಿ ಬರಬೇಕು. ಎರಡೂ ಓಟಗಳ ಸರಾಸರಿಯೇ ದಾಖಲೆ. ಇಲ್ಲಿ ಗುಮಾಸ್ತರಾದ ನಾವು ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಹೋಗುವಾಗ 300, ಬರುವಾಗ 240 ಎಂದಿಟ್ಟುಕೊಳ್ಳಿ. ಸರಾಸರಿ 270 ಎಂದು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ಹೋಗುವ ಮೈಲಿಗೆ 12 ಸೆಕೆಂಡು, ಬರುವ ಮೈಲಿಗೆ 15; ಎರಡು ಮೈಲಿಗೆ ಒಟ್ಟು 27. ನಿಜವಾದ ಸರಾಸರಿ 266 ಚಿಲ್ಲರೆ! ವೇಗಗಳನ್ನು ಕೂಡಿಸಬಾರದು, ಕಾಲವನ್ನು ಕೂಡಿಸಬೇಕು.

1935ರ ಸೆಪ್ಟೆಂಬರ್ 3ರಂದು ಕ್ಯಾಂಬೆಲ್ ಎರಡೂ ಕಡೆಗೆ ಓಡಿಸಿದರು. ಅಧಿಕಾರಿಗಳು ಮೊದಲು ಸಾರಿದ ಅಂಕಿ 299 ಚಿಲ್ಲರೆ. ಅಷ್ಟು ವರ್ಷಗಳ ಹಂಬಲ, ಅಷ್ಟು ಖರ್ಚು, ಪ್ರಾಣಾಪಾಯ ಎಲ್ಲವೂ ಒಂದು ಮೈಲಿಯೊಳಗೆ ಬಂದು ನಿಂತುಬಿಟ್ಟಿತು! ಆಮೇಲೆ ಲೆಕ್ಕದಲ್ಲಿ ತಪ್ಪು ಕಂಡುಬಂದು 301 ಮೈಲಿಯೆಂದು ತಿದ್ದಲಾಯಿತು. ಈ ಎರಡು ಅಂಕಿಗಳ ಅಂತರವನ್ನು ಸೆಕೆಂಡಿಗೆ ಇಳಿಸಿದರೆ, ಮೈಲಿಯೊಂದಕ್ಕೆ ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಮಾತ್ರ.

ಒಂದು ಗಂಟೆಯ ನಿಯಮವೂ ಕಠಿಣವಾದದ್ದೇ, ನಮ್ಮ ಮಿಲ್ಲಿನ ಗೇಟಿನ ಹಾಗೆ. ‘ಥ್ರಸ್ಟ್ ಎಸ್.ಎಸ್.ಸಿ.’ ಎಂಬ ಗಾಡಿಗೆ ಕೂಡ ಯುದ್ಧವಿಮಾನದ ಜೆಟ್ ಯಂತ್ರಗಳೇ, ಎರಡು. ಅದು 1997ರ ಅಕ್ಟೋಬರ್ 13ರಂದು ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ ಶಬ್ದಕ್ಕಿಂತ ವೇಗವಾಗಿ ಓಡಿತು. ಆದರೆ ಹಿಂದಿರುಗುವಾಗ ಸುಮಾರು ಒಂದು ನಿಮಿಷ ತಡವಾಗಿ ದಾಖಲೆ ಕೈತಪ್ಪಿತು. ಎರಡು ದಿನಗಳ ಮೇಲೆ ಚಾಲಕ ಆಂಡಿ ಗ್ರೀನ್ ಮತ್ತೆ ಓಡಿಸಿ 763 ಮೈಲಿಯ ಸರಾಸರಿ ಗಳಿಸಿದರು. ಮೈಲಿಗೆ ಐದು ಸೆಕೆಂಡೂ ಹಿಡಿಯಲಿಲ್ಲ. ವಿಮಾನದಲ್ಲಿ ಚಕ್ ಯೇಗರ್ ಶಬ್ದದ ವೇಗವನ್ನು ದಾಟಿದ್ದು 1947ರ ಅಕ್ಟೋಬರ್ 14ರಂದು. ನೆಲದ ಗಾಡಿಯ ದಾಖಲೆ ಅಲ್ಲಿಗೆ ಮುಟ್ಟಲು ಐವತ್ತು ವರ್ಷ, ಒಂದು ದಿನ ಹಿಡಿಯಿತು.