ಅಮ್ಮನ ಮರೆವಿಗೆ ನಡಿಗೆಯೇ ಮದ್ದೇ?

ಅರವತ್ತೆಂಟರ ಅಮ್ಮ ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರಂತೆ; ವಾಕಿಂಗ್‌ಗೆ ಕಳಿಸಿದರೆ ಸರಿಹೋದೀತೇ ಎಂದು ಮಗಳು ಕೇಳಿದ್ದಾರೆ.

ಅಮೆರಿಕದಲ್ಲಿ 120 ಹಿರಿಯರ ಮೇಲೆ ವರ್ಷವಿಡೀ ನಡೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರು ದಿನ, 40 ನಿಮಿಷ ಬಿರುಸಾಗಿ ನಡೆದವರ ಮಿದುಳಿನಲ್ಲಿ ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಸುಮಾರು ಶೇ 2ರಷ್ಟು ಹಿಗ್ಗಿತ್ತು. ಬರೀ ಮೈ ಚಾಚುವ ವ್ಯಾಯಾಮ ಮಾಡಿದವರಲ್ಲಿ ಕುಗ್ಗಿತ್ತು. ಆದರೆ ನೆನಪಿನ ಪರೀಕ್ಷೆಯಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಸಮಸಮ! ನಡಿಗೆಯನ್ನು ಹೊಗಳುವ ವಾಟ್ಸ್‌ಆ್ಯಪ್ ಸಂದೇಶಗಳು ಇದನ್ನು ಹೇಳುವುದಿಲ್ಲ.

ಹಾಗೆಂದು ಅಮ್ಮ ಕೂತಲ್ಲೇ ಕೂರಬೇಕಿಲ್ಲ. ಬಿಪಿ, ಸಕ್ಕರೆ ಹತೋಟಿಗೆ ನಡಿಗೆ ನೆರವಾಗುತ್ತದೆ. ಅವು ಏರಿದರೆ ಮಿದುಳಿನ ರಕ್ತನಾಳಗಳಿಗೇ ಪೆಟ್ಟು. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಬಿರುಸು ಸಾಕು.

ಅದಕ್ಕೂ ಮೊದಲು ವೈದ್ಯರಿಂದ ಥೈರಾಯ್ಡ್, ಬಿ12, ಕಿವಿಯ ತಪಾಸಣೆ ಆಗಲಿ. ಮರೆವಿನ ಮೂಲ ಅಲ್ಲೂ ಇರಬಹುದು.