ಹಸಿರು ಅಕ್ಷರದ ‘ಆನ್‌ಲೈನ್’

ಹಲ್ಲಿನ ಕ್ಲಿನಿಕ್ ಒಂದಕ್ಕೆ ಅಪಾಯಿಂಟ್‌ಮೆಂಟಿನ ಎಪಿಐ ಬರೆದುಕೊಟ್ಟಿದ್ದೆ. ಆಗ ನನಗೆ ಸರ್ವರ್ ನಡೆಸುವುದೆಂದರೆ ಎಸ್‌ಎಸ್‌ಎಚ್ ಕಿಟಕಿಯಲ್ಲಿ ‘ನೋಡ್ ಆ್ಯಪ್.ಜೆಎಸ್’ ಎಂದು ಹೊಡೆದು ಕೂರುವುದು. ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಹೊರಟರೆ ಎಪಿಐ ಕೂಡ ನನ್ನ ಹಿಂದೆಯೇ ಎದ್ದು ಬರುತ್ತಿತ್ತು.

“ಪಿಎಂ2 ಹಾಕಿ ಸಾರ್, ತಲೆನೋವು ಹೋಗುತ್ತೆ” ಎಂದರು ಗೆಳೆಯರೊಬ್ಬರು. ನಾವು ಕಿಟಕಿ ಮುಚ್ಚಿದರೂ ಪ್ರಾಸೆಸ್ಸನ್ನು ಹಿನ್ನೆಲೆಯಲ್ಲಿ ಓಡಿಸುತ್ತಲೇ ಇರುವ ತಂತ್ರಾಂಶ ಅದು. ಹಾಕಿದೆ. ಪಟ್ಟಿಯಲ್ಲಿ ಹಸಿರು ಅಕ್ಷರದಲ್ಲಿ ‘ಆನ್‌ಲೈನ್’ ಎಂದು ಬಂತು. ನೆಮ್ಮದಿಯಾಗಿ ಮಲಗಿದೆ.

ಒಂದು ದಿನ ಸರ್ವರ್ ರೀಬೂಟ್ ಆಯಿತು. ನೋಡಿದರೆ ಪಟ್ಟಿಯೇ ಖಾಲಿ. ‘ಪಿಎಂ2 ಸ್ಟಾರ್ಟಪ್’ ಕೊಟ್ಟಿದ್ದೆನಲ್ಲ? ಕೊಟ್ಟಿದ್ದೆ. ಆದರೆ ಅದು ಸುಡೊ ಜೊತೆಗೆ ಓಡಿಸಬೇಕಾದ ಒಂದು ಕಮಾಂಡನ್ನು ಬರೆದು ತೋರಿಸುತ್ತದೆ, ಅಷ್ಟೆ. ಅದನ್ನು ಕಾಪಿ ಮಾಡಿ ಓಡಿಸಿ, ಆಮೇಲೆ ‘ಪಿಎಂ2 ಸೇವ್’ ಕೊಡಬೇಕು. ನಾನು ಆ ಸಾಲನ್ನು ‘ಕೆಲಸ ಆಯಿತು’ ಎಂದು ಓದಿಕೊಂಡಿದ್ದೆ.

ಇನ್ನೊಂದು ಸಲ ಡೇಟಾಬೇಸ್ ಪಾಸ್‌ವರ್ಡ್ ಬದಲಾಯಿಸಿ, ಶೆಲ್‌ನಲ್ಲಿ ಹೊಸದನ್ನು ಎಕ್ಸ್‌ಪೋರ್ಟ್ ಮಾಡಿ ರೀಸ್ಟಾರ್ಟ್ ಕೊಟ್ಟೆ. ‘ಅಪ್‌ಡೇಟ್-ಎನ್ವ್’ ಸೇರಿಸದಿದ್ದರೆ ಪಿಎಂ2 ಹಳೆಯ ಎನ್ವಿರಾನ್‌ಮೆಂಟನ್ನೇ ಹಿಡಿದುಕೊಂಡಿರುತ್ತದೆ. ಪ್ರತಿ ವಿನಂತಿಗೂ 500ರ ಎರರ್. ಪಟ್ಟಿಯಲ್ಲಿ ಮಾತ್ರ ಅದೇ ಹಸಿರು. ಪ್ರಾಸೆಸ್ ಉಸಿರಾಡುತ್ತಿದೆ ಎಂಬುದಷ್ಟೇ ಅದಕ್ಕೆ ಗೊತ್ತು, ಮಾತಾಡುತ್ತಿದೆಯೇ ಎಂಬುದಲ್ಲ. ಡೇಟಾಬೇಸಿಗೆ ಒಂದು ಸಣ್ಣ ಪ್ರಶ್ನೆ ಕೇಳಿ ಉತ್ತರ ಕೊಡುವ ಹೆಲ್ತ್ ವಿಳಾಸವೊಂದನ್ನು ಆಮೇಲೆ ಬರೆದೆ. ಅದನ್ನು ನಿಮಿಷಕ್ಕೊಮ್ಮೆ ಹೊರಗಿನಿಂದ ತಟ್ಟಿ ನೋಡುವ ಏರ್ಪಾಡನ್ನೂ ಮಾಡಿದೆ. ಲಾಗ್ ಡಿಸ್ಕ್ ತುಂಬಿಸಿದ ಕಥೆ ಬೇರೆಯೇ ಇದೆ. ಪಿಎಂ2-ಲಾಗ್‌ರೊಟೇಟ್ ಹಾಕಿದ ಮೇಲೆ ಅದು ಮುಗಿಯಿತು.

ಮಾನ ಹೋಗಿದ್ದು ಕ್ಲಸ್ಟರ್ ಮೋಡ್‌ನಲ್ಲಿ. ನಾಲ್ಕು ಕೋರ್‌ಗಳಿವೆ, ಸುಮ್ಮನೆ ಯಾಕೆ ಬಿಡುವುದೆಂದು ‘-ಐ ಮ್ಯಾಕ್ಸ್’ ಕೊಟ್ಟೆ. ಕೋರಿಗೊಂದು ಪ್ರತಿಯಂತೆ ನಾಲ್ಕು ಸಾಲು, ನಾಲ್ಕೂ ಹಸಿರು. ನೋಡಲು ಗದ್ದೆಯ ಹಾಗೆ ಚೆಂದ. ಬೆಳಗ್ಗೆ ಎಂಟಕ್ಕೆ ನೆನಪೋಲೆ ಕಳಿಸುವ ಕ್ರಾನ್ ಆ ಕೋಡಿನೊಳಗೇ ಇದೆ, ನಾಲ್ಕು ಪ್ರತಿಯೂ ಅದನ್ನು ಓಡಿಸುತ್ತವೆ ಎಂಬುದು ಹೊಳೆಯಲೇ ಇಲ್ಲ. ಎಂಟೂ ಕಾಲಿಗೆ ಕ್ಲಿನಿಕ್ಕಿಗೆ ಅಜ್ಜಿಯೊಬ್ಬರ ಫೋನು: “ಮೆಸೇಜು ನಾಲ್ಕು ಬಂದಿದೆಯಲ್ಲಪ್ಪಾ, ಕೀಳೋದು ಒಂದೇ ಹಲ್ಲು ತಾನೆ?”

ಅವತ್ತೇ ಕ್ರಾನನ್ನು ಎಪಿಐಯಿಂದ ಕಿತ್ತು, ಒಂದೇ ಪ್ರತಿ ಓಡುವ ಬೇರೆ ಪ್ರಾಸೆಸ್ ಮಾಡಿದೆ. ಹೆಚ್ಚುವರಿ ಎಸ್‌ಎಂಎಸ್ ದುಡ್ಡನ್ನು ಡಾಕ್ಟರು ನನ್ನ ಬಿಲ್ಲಿನಲ್ಲಿ ಮುರಿದುಕೊಂಡರು. ನಾನೂ ತಕರಾರು ಮಾಡಲಿಲ್ಲ.